ಮನೆ, ತೋಟವನ್ನು ಚಿತ್ರೀಕರಣಕ್ಕೆ ಕೊಡುವಾಗ ಕರಾರು ಹೀಗಿರಲಿ

ಕೊಡಗಿನ ಹಳೆಯ ಮನೆಗಳ ಗೇಟಿನ ಮುಂದೆ ಸಿನಿಮಾ, ಧಾರಾವಾಹಿ, ಓಟಿಟಿ ಸರಣಿಗಳ ಲೊಕೇಷನ್ ಮ್ಯಾನೇಜರುಗಳು ಕಾರು ನಿಲ್ಲಿಸುವುದು ಈಗ ಹೊಸ ಸಂಗತಿಯಲ್ಲ. ಬಂದವರಿಗೆ ಕಾಫಿ ಕೊಟ್ಟು, ಮಾತಿನಲ್ಲೇ ದಿನದ ಬಾಡಿಗೆ ಒಪ್ಪಿ, ಅವರು ತಂದ ಇಂಗ್ಲಿಷ್ ಕರಾರಿಗೆ ಜಗಲಿಯಲ್ಲೇ ಸಹಿ ಹಾಕಿ, ಆಮೇಲೆ ತಿಂಗಳುಗಟ್ಟಲೆ ಪರಿತಪಿಸಿದ ಕುಟುಂಬಗಳನ್ನು ನಾನು ಹತ್ತಿರದಿಂದ ಬಲ್ಲೆ. ನಮ್ಮ ಮನೆಯೂ ಅವುಗಳಲ್ಲೊಂದು.

ಮೊದಲು ಕಾಲವನ್ನು ನಿರ್ಧರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಅದರ ಬೆನ್ನಿಗೇ ಕಾಫಿ ಗಿಡಗಳನ್ನು ಹೂಬಿಡಿಸುವ ಹೂಮಳೆ. ರೋಬಸ್ಟಾ ಗಿಡದ ಹೂವು ಕಾಯಿಕಟ್ಟಲು ಬೇರೆ ಗಿಡದ ಪರಾಗವೇ ಬೇಕು, ಅದನ್ನು ಒಯ್ಯುವುದು ಗಾಳಿ ಮತ್ತು ಜೇನುನೊಣ. ಆದ್ದರಿಂದ ಹೂವರಳಿದ ದಿನಗಳಲ್ಲಿ ತೋಟದೊಳಗೆ ಹೊಗೆಯಂತ್ರ ಹಚ್ಚುವುದಕ್ಕೆ ಎಷ್ಟು ಹಣ ಕೊಟ್ಟರೂ ಒಪ್ಪಬಾರದು. ಅಕ್ಟೋಬರ್‌ನಿಂದ ನವೆಂಬರ್ ಮಧ್ಯದವರೆಗಿನ ಅವಧಿಯೇ ನನ್ನ ಆಯ್ಕೆ.

ಎರಡನೆಯದು ಒಪ್ಪಿಗೆ. ಐನ್‌ಮನೆ ಎಂಬ ಕೊಡವರ ಮೂಲಮನೆ ಇಡೀ ಒಕ್ಕಕ್ಕೆ, ಅಂದರೆ ಒಂದೇ ವಂಶದ ಎಲ್ಲ ಕುಟುಂಬಗಳಿಗೆ ಸೇರಿದ್ದು, ಅಲ್ಲಿ ವಾಸವಿರುವವರೊಬ್ಬರ ಸಹಿ ಸಾಲದು. ಒಕ್ಕದ ಸಭೆ ಕರೆದು, ಅದರ ಹಿರಿಯರಾದ ಪಟ್ಟೇದಾರರ ಸಮ್ಮುಖದಲ್ಲಿ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಹಿರಿಯರ ದೀಪ ಬೆಳಗುವ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಕ್ಯಾಮೆರಾ ಇಡಬಹುದೇ, ಪೂರ್ವಿಕರ ಗುಡಿಯಾದ ಕೈಮಡದ ಕಡೆಗೆ ಯಾರೂ ಸುಳಿಯಬಾರದೇ ಎಂಬುದೂ ಆ ಸಭೆಯಲ್ಲೇ ತೀರ್ಮಾನವಾಗಲಿ. ಬೆಂಗಳೂರಿನಲ್ಲಿರುವ ಸಂಬಂಧಿಕರು ಕಿರುತೆರೆಯಲ್ಲಿ ಮನೆ ನೋಡಿ ಫೋನು ಮಾಡುವ ಪರಿಸ್ಥಿತಿ ಯಾವ ಮನೆಗೂ ಬರಬಾರದು.

ಹೆಚ್ಚಿನವರು ಎಡವುವುದು ಕರಾರಿನಲ್ಲಿ. ಅಂತರ್ಜಾಲದಿಂದ ಇಳಿಸಿಕೊಂಡ ಮಾದರಿ ಪತ್ರಗಳನ್ನು ನಂಬಬೇಡಿ. ನಾನು ಓದಿದ ಅಂಥ ಪತ್ರಗಳೆಲ್ಲ ನಿರ್ಮಾಪಕರ ಹಿತಕ್ಕೆಂದೇ ಬರೆದವು. ಮೊದಲ ಪ್ರಶ್ನೆ, ಸಹಿ ಹಾಕುತ್ತಿರುವವರು ಯಾರು ಎಂಬುದು. ನಿಮ್ಮೊಡನೆ ಮಾತನಾಡುವವರು ಸಾಮಾನ್ಯವಾಗಿ ಪ್ರೊಡಕ್ಷನ್ ಮ್ಯಾನೇಜರ್ ಅಥವಾ ಲೈನ್ ಪ್ರೊಡ್ಯೂಸರ್. ಚಿತ್ರೀಕರಣ ಮುಗಿದ ಮರುದಿನ ಅವರು ಬೇರೊಂದು ಚಿತ್ರದ ಕೆಲಸದಲ್ಲಿರುತ್ತಾರೆ. ಕರಾರು ನಿರ್ಮಾಣ ಸಂಸ್ಥೆಯ ಹೆಸರಿನಲ್ಲಿಯೇ ಇರಬೇಕು, ಅದರ ಪ್ಯಾನ್ ಮತ್ತು ಜಿಎಸ್‌ಟಿ ಸಂಖ್ಯೆ ಇರಬೇಕು, ಸಹಿ ಹಾಕುವವರಿಗೆ ಸಂಸ್ಥೆ ಕೊಟ್ಟ ಅಧಿಕಾರಪತ್ರದ ಪ್ರತಿಯನ್ನು ಜೊತೆಗಿರಿಸಬೇಕು. ಕನ್ನಡ ಚಿತ್ರವಾದರೆ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಣಿಯಾಗಿದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ದಿನ ಎಂದರೆ ಎಷ್ಟು ಹೊತ್ತು ಎಂಬುದನ್ನೂ ಬರೆಯಿಸಿ. ಒಳಬರುವ ಮತ್ತು ಹೊರಹೋಗುವ ಗಂಟೆ, ಅದನ್ನು ಮೀರಿದರೆ ಪ್ರತಿ ಗಂಟೆಯ ದರ, ಸೆಟ್ ಹಾಕುವ ಹಾಗೂ ಬಿಚ್ಚುವ ದಿನಗಳ ಬಾಡಿಗೆ, ಇವೆಲ್ಲ ಬೇರೆ ಬೇರೆಯಾಗಿ ನಮೂದಾಗಬೇಕು. ರಾತ್ರಿ ಚಿತ್ರೀಕರಣಕ್ಕೆ ನಾನು ಒಪ್ಪುವುದೇ ಇಲ್ಲ; ಮುಸ್ಸಂಜೆಯ ನಂತರ ಆನೆಗಳು ಓಡಾಡುವ ತೋಟದಲ್ಲಿ ಹತ್ತಾರು ಅಪರಿಚಿತರ ಜೀವಕ್ಕೆ ಹೊಣೆಯಾಗುವುದು ಯಾವ ಬೆಳೆಗಾರನಿಂದಲೂ ಆಗದ ಮಾತು.

ನಮ್ಮನ್ನು ಕಾಡಿದ್ದು ಮರುಪ್ರವೇಶದ ಸಾಲು. ‘ಅಗತ್ಯವಿದ್ದಾಗ ಮತ್ತೆ ಬಂದು ಚಿತ್ರೀಕರಿಸಬಹುದು’ ಎಂಬ ಒಂದೇ ವಾಕ್ಯವನ್ನು ನಾವು ಗಮನಿಸಿರಲಿಲ್ಲ. ಆರು ದಿನ ಕೆಲಸ ಮಾಡಿ ಹೋದ ತಂಡ ನಾಲ್ಕು ತಿಂಗಳ ಬಳಿಕ, ಕಣದ ತುಂಬ ಕಾಫಿ ಹರಡಿದ್ದಾಗ, ಪ್ಯಾಚ್ ವರ್ಕ್, ಅಂದರೆ ಬಿಟ್ಟುಹೋದ ತುಣುಕು ದೃಶ್ಯಗಳ ಚಿತ್ರೀಕರಣ ಇದೆಯೆಂದು ಬಂದಿಳಿಯಿತು. ಜನರೇಟರ್ ವ್ಯಾನು ಕಣದ ಅಂಚಿನಲ್ಲೇ ನಿಂತಿತು. ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುವ ಕಾಫಿಗೆ ಡೀಸೆಲ್ ಹೊಗೆಗಿಂತ ದೊಡ್ಡ ಶತ್ರುವಿಲ್ಲ. ಬಾಡಿಗೆ ಕೇಳಿದಾಗ ಆ ವಾಕ್ಯವನ್ನೇ ತೋರಿಸಿದರು. ಮರುಪ್ರವೇಶಕ್ಕೆ ಎಷ್ಟು ದಿನ, ಯಾವ ದರ, ಎಷ್ಟು ದಿನ ಮುಂಚೆ ತಿಳಿಸಬೇಕು, ಯಾವ ತಿಂಗಳು ನಿಷಿದ್ಧ ಎಂಬ ನಾಲ್ಕನ್ನೂ ಬರೆಯದೆ ಸಹಿ ಹಾಕಲೇಬೇಡಿ.

ಹಕ್ಕುಗಳ ಭಾಗ ಓದುವಾಗ ಗಾಬರಿಯಾಗುವುದು ಸಹಜ. ‘ಜಗತ್ತಿನಾದ್ಯಂತ, ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ’ ಎಂದು ಅಲ್ಲಿರುತ್ತದೆ. ಚಿತ್ರವನ್ನು ಕೊಳ್ಳುವ ಓಟಿಟಿ ಸಂಸ್ಥೆಗಳ ಕಾನೂನು ವಿಭಾಗ ಈ ಒಪ್ಪಿಗೆಯ ದಾಖಲೆಯನ್ನು ಕೇಳುವುದರಿಂದ ನಿರ್ಮಾಪಕರು ಇದನ್ನು ಬಿಟ್ಟುಕೊಡಲಾರರು, ಇದಕ್ಕಾಗಿ ಜಗಳವಾಡುವುದೂ ಅನಗತ್ಯ. ಆದರೆ ಆ ಹಕ್ಕು ಇದೊಂದೇ ಚಿತ್ರಕ್ಕೆ ಅಥವಾ ಸರಣಿಯ ಇದೊಂದೇ ಆವೃತ್ತಿಗೆ ಸೀಮಿತವೆಂದು ಸೇರಿಸಿ. ಅದೇ ದೃಶ್ಯಗಳನ್ನು ಜಾಹೀರಾತಿಗೆ ಬಳಸಬಾರದು, ಮನೆತನದ ಹೆಸರಾಗಲಿ ಗೋಡೆಯ ಮೇಲಿನ ಹಿರಿಯರ ಭಾವಚಿತ್ರಗಳಾಗಲಿ ತೆರೆಯ ಮೇಲೆ ಕಾಣಬಾರದು ಎಂಬುದೂ ಇರಲಿ.

ನಷ್ಟದ ದರವನ್ನು ಮೊದಲೇ ಬರೆಯಿಸಿ. ಮುರಿದ ಕಾಫಿ ಗಿಡದ ಬದಲಿಗೆ ಹೊಸದನ್ನು ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು ಎಂಬುದು ನಗರದಿಂದ ಬಂದವರಿಗೆ ತಿಳಿದಿರುವುದಿಲ್ಲ. ಗಿಡಕ್ಕಿಷ್ಟು, ಮೆಣಸಿನ ಬಳ್ಳಿಗಿಷ್ಟು ಎಂದು ಅಂಕಿಯಲ್ಲೇ ಇರಬೇಕು. ವ್ಯಾಜ್ಯದ ಸ್ಥಳ ಮುಂಬೈ ಎಂದಿದ್ದರೆ ಹೊಡೆದುಹಾಕಿ ಮಡಿಕೇರಿ ಎಂದು ಬರೆಯಿಸಿ. ಹಣದ ವಿಷಯದಲ್ಲಿ ನನ್ನ ನಿಯಮ ಒಂದೇ: ಪೂರ್ತಿ ಬಾಡಿಗೆ ಹಾಗೂ ಠೇವಣಿ ಬ್ಯಾಂಕ್ ಖಾತೆಗೆ ಬಂದ ಮೇಲೆಯೇ ಮೊದಲ ಲಾರಿ ಗೇಟು ದಾಟಬೇಕು. ಈ ಬಾಡಿಗೆ ಕೃಷಿ ಆದಾಯವಲ್ಲ, ಇದಕ್ಕೆ ತೆರಿಗೆಯಿದೆ ಎಂಬುದನ್ನೂ ಮರೆಯಬಾರದು.

ಪೊಲೀಸ್ ಠಾಣೆ ಮತ್ತು ಪಂಚಾಯಿತಿಯ ಅನುಮತಿ, ಡ್ರೋನ್ ಹಾರಿಸುವುದಿದ್ದರೆ 2021ರ ಡ್ರೋನ್ ನಿಯಮಗಳ ಪಾಲನೆ, ಅಕ್ಕಪಕ್ಕದ ಕಾಡಿನಲ್ಲಿ ಚಿತ್ರೀಕರಣವಿದ್ದರೆ ಅರಣ್ಯ ಇಲಾಖೆಯ ಅನುಮತಿ, ಇವು ತಂಡದ ಹೊಣೆ. ನೀವು ಪ್ರತಿಗಳನ್ನು ಪಡೆದಿಟ್ಟುಕೊಂಡರೆ ಸಾಕು. ಆದರೆ ಕೋವಿಯ ವಿಷಯದಲ್ಲಿ ಸಡಿಲ ಬೇಡ. ಕೊಡವರಿಗೂ ಕೊಡಗಿನ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 2029ರ ಅಕ್ಟೋಬರ್ 31ರವರೆಗೆ ವಿಸ್ತರಣೆಯಾಗಿರುವ ಪರವಾನಗಿ ವಿನಾಯಿತಿ ನಿಮಗೆ ಸೇರಿದ್ದೇ ಹೊರತು ನಟರಿಗಲ್ಲ. ದೃಶ್ಯಕ್ಕೆ ಮನೆಯ ಕೋವಿಯೇ ಚೆನ್ನ ಎಂದು ಕಲಾ ವಿಭಾಗದವರು ಎಷ್ಟು ಕೇಳಿದರೂ ಅದು ಬೀಗದೊಳಗೇ ಇರಲಿ.

ತಂಡ ಬರುವ ಹಿಂದಿನ ದಿನ ಪ್ರತಿ ಕೋಣೆಯ ನೆಲ, ಗೋಡೆ, ಬಾಗಿಲಿನ ಫೋಟೋ ತೆಗೆದು ಅವರಿಗೇ ಕಳುಹಿಸಿಬಿಡಿ. ಕೆಂಪು ಗಾರೆಯ ನೆಲಕ್ಕೆ ಲೈಟ್ ಸ್ಟ್ಯಾಂಡಿನ ಕಾಲು ಗೀರಿದರೆ ಅದನ್ನು ಸರಿಪಡಿಸಬಲ್ಲ ಕೆಲಸಗಾರರು ಈಗ ಸಿಗುವುದು ಕಷ್ಟ. ಅಂಗಡಿಯ ತೆಳು ಪ್ಲಾಸ್ಟಿಕ್ ಹಾಸು ಅರ್ಧ ದಿನದಲ್ಲಿ ಹರಿದುಹೋಗುತ್ತದೆ. ಕೆಳಗೆ ದಪ್ಪ ಬಟ್ಟೆ, ಮೇಲೆ ಪ್ಲೈವುಡ್, ಸ್ಟ್ಯಾಂಡಿನ ಕಾಲಿಗೆ ಕತ್ತರಿಸಿದ ಟೆನಿಸ್ ಚೆಂಡು, ಇದೇ ಸರಿಯಾದ ಕ್ರಮ. ಎರಡು ಬದಿಯ ಅಂಟುಪಟ್ಟಿಯನ್ನು ಸುಣ್ಣದ ಗೋಡೆಗೆ ಹಚ್ಚಲು ಬಿಡಬೇಡಿ, ಕೀಳುವಾಗ ಗಾರೆಯೂ ಜೊತೆಗೆ ಬರುತ್ತದೆ. ಮನೆಯ ಹಳೆಯ ವೈರಿಂಗಿನಿಂದ ಒಂದು ಲೈಟಿಗೂ ವಿದ್ಯುತ್ ಕೊಡಬೇಡಿ.

ಕೊನೆಯ ದಿನ ಠೇವಣಿಯನ್ನು ಪೂರ್ತಿಯಾಗಿ ಹಿಂದಿರುಗಿಸುವ ಅವಸರ ಬೇಡ. ಲೈಟು ಕಟ್ಟಲು ಛಾವಣಿ ಹತ್ತಿದವರ ಕಾಲಿಗೆ ಹೆಂಚು ಜರುಗಿದೆಯೋ ಇಲ್ಲವೋ ಎಂಬುದು ಕೆಳಗಿನಿಂದ ನೋಡಿದರೆ ತಿಳಿಯುವುದಿಲ್ಲ. ಅರ್ಧವನ್ನು ಅಂದೇ ಕೊಟ್ಟು, ಉಳಿದದ್ದು ಒಂದು ಜೋರು ಮಳೆ ಕಳೆದು ಅಟ್ಟ ಒಣಗಿಯೇ ಇದೆಯೆಂದು ನೋಡಿಕೊಂಡ ಮೇಲೆ ಎಂದು ನಾನು ಕರಾರಿನಲ್ಲೇ ಬರೆಯಿಸುತ್ತೇನೆ.