ಮಿನ್ನೆಸೋಟದ ಚಳಿಗೆ ಕಾರಿನ ಚೀಲ: ಮೊದಲ ಪರೀಕ್ಷೆ ಮನೆಯ ಫ್ರೀಜರಿನಲ್ಲೇ

ಅಮೆರಿಕದ ಮಿನ್ನೆಸೋಟದ ಚಳಿಗಾಲದಲ್ಲಿ ದಾರಿಯಲ್ಲಿ ಸಿಕ್ಕಿಕೊಂಡರೆ ಬೇಕಾಗುವ ಸಾಮಾನಿನ ಚೀಲವೊಂದು ಕಾರಿನಲ್ಲಿರಬೇಕು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ‘ವಿಂಟರ್ ಕಿಟ್’ ಕೊಳ್ಳುವುದಿಲ್ಲ, ಒಂದೊಂದಾಗಿ ಆರಿಸಿ ತುಂಬಿಸುತ್ತೇನೆ. ಮೈನಸ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಡಿಕ್ಕಿಯಲ್ಲಿ ಬಿದ್ದಿದ್ದ ಸಾಮಾನು ಬೆಳಿಗ್ಗೆ ಕೆಲಸ ಮಾಡಬೇಕಲ್ಲ. ಮನೆಯ ಫ್ರೀಜರ್ ಸುಮಾರು ಮೈನಸ್ 18 ಇರುತ್ತದೆ. ತಂದದ್ದನ್ನು ಒಂದು ರಾತ್ರಿ ಅದರೊಳಗಿಟ್ಟು, ದಪ್ಪ ಕೈಗವಸು ತೊಟ್ಟೇ ಬಳಸಿ ನೋಡುತ್ತೇನೆ.

ಮೊದಲು ಸೋಲುವುದು ಟಾರ್ಚ್. ಆಲ್ಕಲೈನ್ ಸೆಲ್ಲಿನ ಒಳಗಿರುವುದು ನೀರಿನಂಶದ ದ್ರಾವಣ. ಚಳಿಗೆ ಬೆಳಕು ಮಂಕಾಗುತ್ತದೆ. ಮೈನಸ್ 40ರವರೆಗೆ ನಡೆಯುವ ಲಿಥಿಯಂ ಎಎ ಸೆಲ್ ಹಾಕಿ. ಕೈಯಲ್ಲಿ ಹಿಡಿಯುವ ಟಾರ್ಚಿಗಿಂತ ಹಣೆಗೆ ಕಟ್ಟುವುದೇ ಲೇಸು, ಎರಡೂ ಕೈ ಬಿಡುವಾಗುತ್ತವೆ.

ಬ್ಯಾಟರಿ ಸತ್ತಾಗ ಇನ್ನೊಂದು ಕಾರಿನಿಂದ ಕರೆಂಟ್ ತರುವ ಜಂಪರ್ ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ. 10 ಗೇಜಿನ ಅಗ್ಗದ ಕೇಬಲ್ ಚಳಿಯಲ್ಲಿ ಸ್ಟಾರ್ಟರ್ ಎಳೆಯುವಷ್ಟು ಕರೆಂಟ್ ಸಾಗಿಸಲಾರದು. 4 ಗೇಜ್, 20 ಅಡಿ ಉದ್ದದ್ದು ಇಟ್ಟಿದ್ದೇನೆ. ಕೆಂಪು ತುದಿ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಕೆಂಪು ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಒಳ್ಳೆಯದರ ಮೈನಸ್‌ಗೆ. ಕೊನೆಯ ಕಪ್ಪು ತುದಿ ಸತ್ತ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕಿಡಿ ಹಾರುವುದು ಅಲ್ಲೇ, ಬ್ಯಾಟರಿಯ ಬಳಿ ಹೈಡ್ರೋಜನ್ ಇದ್ದೀತು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಮೈನಸ್ 50ರಲ್ಲೂ ಹೆಪ್ಪುಗಟ್ಟದು, ಖಾಲಿಯಾದದ್ದು ಮೈನಸ್ 10ರಷ್ಟರಲ್ಲೇ ಗಡ್ಡೆಯಾಗಬಹುದು. ಬ್ಯಾಟರಿಯ ಮೈ ಉಬ್ಬಿದ್ದರೆ ಕೇಬಲ್ ಮುಟ್ಟಿಸಲೇಬೇಡಿ, ಸಿಡಿಯಬಹುದು. ಇನ್ನೊಂದು ಕಾರಿಲ್ಲದೆ ಸ್ಟಾರ್ಟ್ ಮಾಡಿಸುವ ಲಿಥಿಯಂ ಜಂಪ್ ಪ್ಯಾಕ್ ಇದ್ದರೆ ರಾತ್ರಿ ಮನೆಯೊಳಗೆ ತನ್ನಿ. ಸೊನ್ನೆಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು.

ಚಕ್ರ ಜಾರಿದಾಗ ಹಾಕಲು 10 ಕಿಲೋ ಒರಟು ಮರಳು, ಎರಡು ಚೀಲಗಳಲ್ಲಿ. ಬೆಕ್ಕಿನ ಮಲಮೂತ್ರದ ತಟ್ಟೆಗೆ ಹಾಕುವ ಪುಡಿ (ಕ್ಯಾಟ್ ಲಿಟರ್) ಹಾಕಿ ಎನ್ನುವವರಿದ್ದಾರೆ. ಗಟ್ಟಿಯಾಗುವ ಜಾತಿಯದು ನೀರು ತಾಗಿದರೆ ಕೆಸರಾಗಿ ಇನ್ನಷ್ಟು ಜಾರಿಸುತ್ತದೆ. ಡಿಕ್ಕಿಗೆ ಭಾರ ಹೇರಿದರೆ ಹಿಡಿತ ಬರುತ್ತದೆಂಬುದು ಹಿಂದಿನ ಚಕ್ರ ಎಳೆಯುವ ಗಾಡಿಗೆ ಮಾತ್ರ. ಮುಂದಿನ ಚಕ್ರದ ಕಾರಿಗೆ ಪೆಟ್ರೋಲ್ ದಂಡ. ಸಲಿಕೆ ಲೋಹದ್ದೇ ಇರಲಿ. ಅದೂ ಸೀಟಿನ ಹಿಂದೆ ಇರಲಿ, ಏಕೆಂದರೆ ಡಿಕ್ಕಿಯ ಬಾಗಿಲೇ ಹೆಪ್ಪುಗಟ್ಟಿ ಅಂಟಿಕೊಳ್ಳುವುದುಂಟು. ಬೀಗದ ಮಂಜು ಕರಗಿಸುವ ಸ್ಪ್ರೇಯನ್ನು ಕಾರಿನೊಳಗೆ ಇಡುವವರಿದ್ದಾರೆ! ಅದು ಕೋಟಿನ ಜೇಬಿನಲ್ಲಿರಬೇಕು.

ಹಿಮದಲ್ಲಿ ಸಿಕ್ಕಿಕೊಂಡರೆ ಸಲಿಕೆಯ ಮೊದಲ ಕೆಲಸ ಸೈಲೆನ್ಸರ್ ಕೊಳವೆಯ ಬಾಯಿ ಬಿಡಿಸುವುದು. ಅದು ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ; ಅದಕ್ಕೆ ವಾಸನೆಯೇ ಇಲ್ಲ. ಆಮೇಲೆ ಗಂಟೆಗೆ ಹತ್ತು ನಿಮಿಷ ಎಂಜಿನ್ ಓಡಿಸಿ, ಗಾಳಿ ಬೀಸದ ಕಡೆಯ ಕಿಟಕಿ ಬೆರಳಗಲ ಇಳಿಸಿ. ಹೀಗೆ ಕಾಯಲು ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿದಿರಬಾರದು.

ಉಷ್ಣತೆ 5-6 ಡಿಗ್ರಿ ಇಳಿದಾಗಲೆಲ್ಲ ಟೈರಿನ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ, ಆದ್ದರಿಂದ ಒತ್ತಡ ಅಳೆಯುವ ಗೇಜ್ ಒಂದು. ಮುಂದಿನ ಗಾಜು ತೊಳೆಯುವ ನೀರು, ಮೈನಸ್ 29ರವರೆಗೆ ಹೆಪ್ಪುಗಟ್ಟದ್ದು, ಒಂದು ಕ್ಯಾನ್. ಅದರಲ್ಲಿ ವಿಷಕಾರಿ ಮೆಥನಾಲ್ ಇರುವುದರಿಂದ ತಿಂಡಿಯಿಂದ ದೂರ.

ತಿಂಡಿಗೆ ಹುರಿಗಡಲೆ, ಒಣದ್ರಾಕ್ಷಿ, ಗೋಡಂಬಿ. ಕಡಲೆಕಾಯಿ ಚಿಕ್ಕಿ ಬೇಡ, ಫ್ರೀಜರಿನಿಂದ ತೆಗೆದು ಕಚ್ಚಿ ನೋಡಿ ಗೊತ್ತಾಗುತ್ತದೆ. ಖಾರದ ಅವಲಕ್ಕಿಯೂ ಬೇಡ, ಬಾಯಾರಿಸುತ್ತದೆ. ನೀರನ್ನು ಕಾರಲ್ಲಿ ಬಿಡದೆ ಹೊರಡುವಾಗ ಒಯ್ಯಿರಿ, ಬಾಟಲಿ ಮುಕ್ಕಾಲು ಮಾತ್ರ ತುಂಬಿ, ಹೆಪ್ಪುಗಟ್ಟಿದರೂ ಒಡೆಯದು.

ಒಬ್ಬೊಬ್ಬರಿಗೂ ಒಂದು ಉಣ್ಣೆಯ ಕಂಬಳಿ, ಹತ್ತಿಯದಲ್ಲ. ಒದ್ದೆ ಹತ್ತಿ ಮೈಯ ಬಿಸಿ ಹೀರುತ್ತದೆ. ಸಂಕ್ರಾಂತಿಗೆ ಮೇಪಲ್ ಗ್ರೋವ್ ದೇವಸ್ಥಾನಕ್ಕೆ ರೇಷ್ಮೆ ಸೀರೆ, ತೆಳು ಚಪ್ಪಲಿಯಲ್ಲೇ ಗ್ಯಾರೇಜಿನಿಂದ ಹೊರಡುವ ಮನೆಯವರಿಗೂ ಒಂದೊಂದು ಜೊತೆ ಬೂಟು, ದಪ್ಪ ಕಾಲುಚೀಲ ಹಿಂದಿನ ಸೀಟಿನ ಕೆಳಗೆ ಇಟ್ಟಿದ್ದೇನೆ.