ಕೋಲ್ಡ್ ಕ್ಯಾಥೋಡ್ ದೀಪ ಅಳವಡಿಸುವ ಮುನ್ನ

ಕಪಾಟಿನೊಳಗೆ ತೆಳುವಾದ ಕೋಲ್ಡ್ ಕ್ಯಾಥೋಡ್ ಕೊಳವೆದೀಪಗಳನ್ನು ಅಳವಡಿಸಲು ಬಯಸುವವರು ಮೊದಲು ಗಮನಿಸಬೇಕಾದ ಸಂಗತಿಯೆಂದರೆ, ಪೊಟ್ಟಣದ ಮೇಲೆ ಬರೆದಿರುವ 12 ವೋಲ್ಟ್ ಎಂಬುದು ಇನ್ವರ್ಟರಿಗೆ ವಿದ್ಯುತ್ ಬರುವ ಬದಿಗೆ ಮಾತ್ರ ಅನ್ವಯಿಸುತ್ತದೆ. (ಇಲ್ಲಿ ಇನ್ವರ್ಟರ್ ಎಂದರೆ ಕರೆಂಟ್ ಹೋದಾಗ ನೆರವಾಗುವ ದೊಡ್ಡ ಪೆಟ್ಟಿಗೆಯಲ್ಲ, ದೀಪದ ಜೊತೆಗೇ ಬರುವ, 12 ವೋಲ್ಟನ್ನು ಹೆಚ್ಚಿನ ವೋಲ್ಟಿಗೆ ಏರಿಸುವ ಪುಟ್ಟ ಸರ್ಕ್ಯೂಟ್.) ಬಿಸಿಯಾಗುವ ಫಿಲಮೆಂಟ್ ಇಲ್ಲದ ಈ ದೀಪವು ಬೆಳಗಲು ಹಲವು ನೂರು ವೋಲ್ಟ್ ಬೇಕಾಗುತ್ತದೆ, ಕೊಳವೆ ಉದ್ದವಾಗಿದ್ದರೆ ಹೊತ್ತಿಕೊಳ್ಳುವ ಕ್ಷಣದಲ್ಲಿ ಅದು 1000 ವೋಲ್ಟನ್ನು ದಾಟುವುದೂ ಉಂಟು. ಆದ್ದರಿಂದ ವಿದ್ಯುತ್ ಸಂಪರ್ಕವನ್ನು ಪೂರ್ತಿಯಾಗಿ ತೆಗೆಯದೆ ಇನ್ವರ್ಟರಿನಿಂದ ದೀಪಕ್ಕೆ ಹೋಗುವ ತಂತಿಯನ್ನು ಮುಟ್ಟಬಾರದು.

ಹೆಚ್ಚಿನವರು ಎಡವುವುದು ತಂತಿಯ ವಿಷಯದಲ್ಲಿ. ಇನ್ವರ್ಟರ್ ದೂರದಲ್ಲಿರಲಿ ಎಂದು ದೀಪದ ಕಡೆಯ ತಂತಿಯನ್ನು ಉದ್ದಗೊಳಿಸಿದರೆ ಅಥವಾ ಅದನ್ನು ಲೋಹದ ಪಟ್ಟಿಗೆ ಅಂಟಿಸಿದರೆ, ಹೆಚ್ಚಿನ ಆವರ್ತನದ ವಿದ್ಯುತ್ ಅಲ್ಲಿಯೇ ಸೋರಿಹೋಗಿ, ಕೊಳವೆಯ ಒಂದು ತುದಿ ಮಂಕಾಗುತ್ತದೆ. ಉದ್ದಗೊಳಿಸಲೇಬೇಕಾದರೆ 12 ವೋಲ್ಟಿನ ಕಡೆಯ ತಂತಿಯನ್ನೇ ಉದ್ದಗೊಳಿಸಿ, ಇನ್ವರ್ಟರನ್ನು ದೀಪದ ಪಕ್ಕದಲ್ಲಿಯೇ ಗಾಳಿಯಾಡುವಂತೆ ಇರಿಸುವುದು ಸರಿಯಾದ ಕ್ರಮ.

ಇನ್ವರ್ಟರಿನ ಒಂದೇ ಹೊರದಾರಿಗೆ ಎರಡು ಕೊಳವೆಗಳನ್ನು ಸಮಾನಾಂತರವಾಗಿ ಜೋಡಿಸಬೇಡಿ. ಮೊದಲು ಹೊತ್ತಿದ ಕೊಳವೆಯೇ ಬಹುಪಾಲು ವಿದ್ಯುತ್ತನ್ನು ಸೆಳೆದುಕೊಳ್ಳುವುದರಿಂದ ಇನ್ನೊಂದು ಬೆಳಗದೆ ಉಳಿಯಬಹುದು. ದೀಪ ಜೋಡಿಸದೆ ಇನ್ವರ್ಟರನ್ನು ಚಾಲೂ ಮಾಡುವುದೂ ಒಳ್ಳೆಯದಲ್ಲ.

ಗಾಜು ಬಹಳ ತೆಳುವಾಗಿರುವುದರಿಂದ ಕ್ಲಿಪ್ಪುಗಳನ್ನು ಬಿಗಿಯಬೇಡಿ. ಒಡೆದರೆ, ಒಳಗೆ ಅಲ್ಪ ಪ್ರಮಾಣದ ಪಾದರಸವಿರುವ ಕಾರಣ, ಕಿಟಕಿ ತೆರೆದು, ಚೂರುಗಳನ್ನು ಗಟ್ಟಿ ಕಾಗದದಿಂದ ಎತ್ತಿ, ಒದ್ದೆ ಬಟ್ಟೆಯಿಂದ ಒರೆಸಬೇಕು. ಪೊರಕೆ ಮತ್ತು ವ್ಯಾಕ್ಯೂಮ್ ಕ್ಲೀನರ್ ಬೇಡ.