ಕರಾರು ಮುಗಿಯುವ ಮೊದಲೇ ಬಾಡಿಗೆ ಮನೆ ಬಿಡುವಾಗ

ಬೆಂಗಳೂರಿನಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ನಡುವೆಯೇ ಮನೆ ಬಿಡಬೇಕಾಗಿ ಬಂದರೆ, ಮಾಲೀಕರಿಗೆ ಫೋನ್ ಮಾಡುವ ಮೊದಲು ಕರಾರು ಪತ್ರ ತೆಗೆದು ನೋಡಿ: ಲಾಕ್-ಇನ್ (ಮನೆ ಬಿಡುವಂತಿಲ್ಲದ ಅವಧಿ) ಎಷ್ಟು ತಿಂಗಳು, ನೋಟಿಸ್ ಎಷ್ಟು ದಿನ, ಅಡ್ವಾನ್ಸಿನಲ್ಲಿ ಏನೇನು ಹಿಡಿದುಕೊಳ್ಳಬಹುದು.

ಲಾಕ್-ಇನ್ ಮುಗಿದಿದ್ದರೆ ನೋಟಿಸ್ ಕೊಟ್ಟರೆ ಸಾಕು. ಮುಗಿದಿಲ್ಲದಿದ್ದರೆ ಉಳಿದ ತಿಂಗಳುಗಳ ಬಾಡಿಗೆಯನ್ನೂ ಕಟ್ಟಬೇಕು ಎಂದು ಹಲವು ಕರಾರುಗಳಲ್ಲಿ ಇರುತ್ತದೆ. ಹಾಗೆಂದು ಹೆದರಬೇಡಿ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಮಾಲೀಕರಿಗೆ ಸಲ್ಲುವುದು ನ್ಯಾಯವಾದ ಪರಿಹಾರ. ಪತ್ರದಲ್ಲಿರುವ ಮೊತ್ತ ಅದರ ಗರಿಷ್ಠ ಮಿತಿ. ನೀವು ಬಿಟ್ಟ ವಾರದಲ್ಲೇ ಬೇರೆಯವರು ಬಂದರೆ ಪೂರ್ತಿ ಬಾಡಿಗೆ ಕೇಳುವ ವಾದಕ್ಕೆ ಬಲ ಕಡಿಮೆ. ಅದಕ್ಕೇ ಹೊಸಬರನ್ನು ನೀವೇ ಹುಡುಕಿಕೊಡಿ, ಮನೆ ನೋಡಲು ಬರುವವರಿಗೆ ಬಾಗಿಲು ತೆರೆಯಿರಿ. ಯಾರಿಗೆ ಕೊಡಬೇಕೆಂಬ ತೀರ್ಮಾನ ಮಾತ್ರ ಮಾಲೀಕರದ್ದು.

ನೋಟಿಸ್ ಬಾಯಿಮಾತಿನಲ್ಲಿ ಬೇಡ. ಮನೆ ಬಿಡುವ ತಾರೀಖು ನಮೂದಿಸಿ ಇ-ಮೇಲ್ ಅಥವಾ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಬಂದ ಉತ್ತರವನ್ನು ಉಳಿಸಿಕೊಳ್ಳಿ.

ಹೆಚ್ಚು ಜಗಳ ಹುಟ್ಟುವುದು ಅಡ್ವಾನ್ಸಿನಲ್ಲಿ. "ಕೊನೆಯ ಎರಡು ತಿಂಗಳನ್ನು ಅದರಲ್ಲೇ ವಜಾ ಮಾಡಿಕೊಳ್ಳಿ" ಎಂದು ಬಾಡಿಗೆ ನಿಲ್ಲಿಸಬೇಡಿ. ಮಾಲೀಕರು ಬರಹದಲ್ಲಿ ಒಪ್ಪದಿದ್ದರೆ ಅದು ಬಾಕಿ ಎನಿಸಿಕೊಳ್ಳುತ್ತದೆ. ಲೆಕ್ಕವನ್ನು ನೀವೇ ಮೊದಲು ಬರೆದು ತೋರಿಸಿ. ಬಾಡಿಗೆ 20,000, ಅಡ್ವಾನ್ಸ್ 1,00,000 ಎಂದಿಟ್ಟುಕೊಳ್ಳಿ. ನೋಟಿಸ್ ಒಂದು ತಿಂಗಳು ಕಡಿಮೆಯಾಗಿದ್ದಕ್ಕೆ 20,000, ಬಣ್ಣಕ್ಕೆ 20,000, ಕರೆಂಟ್ ಬಿಲ್ 1,200 ಕಳೆದರೆ ನಿಮಗೆ ಬರಬೇಕಾದದ್ದು 58,800.

ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿನ ರೂಢಿ. ಕರಾರಿನಲ್ಲಿದ್ದರೆ ಕೊಡಬೇಕಾಗುತ್ತದೆ, ಆದರೆ ಐದೇ ತಿಂಗಳು ಇದ್ದವರು ಕಡಿಮೆ ಮಾಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕರಾರಿನಲ್ಲಿ ಇಲ್ಲದಿದ್ದರೆ, ಬಳಕೆಯಿಂದ ಆಗುವ ಸಹಜ ಸವೆತ ನಿಮ್ಮ ತಲೆಗೆ ಬರುವುದಿಲ್ಲ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಹೇಳುತ್ತದೆ. ಮುರಿದ ನಲ್ಲಿ, ಒಡೆದ ಸಿಂಕ್, ಗೋಡೆಗೆ ಕೊರೆದ ತೂತುಗಳ ಖರ್ಚು ನಿಮ್ಮದೇ. ಪ್ಲಂಬರನ್ನು ನೀವೇ ಕರೆಸಿ ರಿಪೇರಿ ಮಾಡಿಸಿ. ಆಗ ಖರ್ಚಿನ ಲೆಕ್ಕ ನಿಮ್ಮ ಕೈಯಲ್ಲೇ ಇರುತ್ತದೆ.

ಸಾಮಾನು ಸಾಗಿಸಿದ ಮಾತ್ರಕ್ಕೆ ಮನೆ ಬಿಟ್ಟಂತಲ್ಲ. ಬೀಗದ ಕೈ ನಿಮ್ಮ ಬಳಿ ಇರುವಷ್ಟು ದಿನ ಬಾಡಿಗೆ ಕೇಳಲು ಅವಕಾಶವಿರುತ್ತದೆ. ಖಾಲಿ ಕೋಣೆಗಳ ವಿಡಿಯೊ, ಬೆಸ್ಕಾಂ ಮೀಟರಿನ ಫೋಟೊ ತೆಗೆದುಕೊಳ್ಳಿ. ಎಷ್ಟು ಬೀಗದ ಕೈ ಕೊಟ್ಟಿರಿ, ಎಷ್ಟು ಹಣ ಯಾವ ತಾರೀಖಿಗೆ ವಾಪಸ್ ಬರಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಮಾಲೀಕರ ಸಹಿ ಹಾಕಿಸಿಕೊಂಡ ಮೇಲೆಯೇ ಬೀಗದ ಕೈ ಒಪ್ಪಿಸಿ.